ಜಾಕ್‌ವೆಲ್ಲಿಗೂ ಊರಿಗೂ ಒಂದೇ ಅಗಸಿ

ಸೆಪ್ಟೆಂಬರ್ ೫, ಗುರುವಾರ

ತವರೂರು ಮಟಕಿಯಲ್ಲಿದ್ದಾಗ ನಮ್ಮವ್ವ ಹೇಳುತ್ತಿದ್ದಳು: ಹೆದರಿಕೆಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡರೆ ಮರಿ ಹಾಕುತ್ತದೆ, ಗೋಡೆಗಾದರೂ ಹೇಳಿಬಿಡು. ಈ ಮನೆಯ ಗೋಡೆಗಳಿಗೆಲ್ಲ ಅತ್ತೆಯ ಕಿವಿಗಳಿವೆ. ಅದಕ್ಕೆ ಬರೆಯುತ್ತಿದ್ದೇನೆ.

ಮಟಕಿಯವರಿಗೆ ನೀರು ಎಂದರೆ ಕೆಳಗೆ ಇರುವ ವಸ್ತು. ಬಾವಿಗೆ ಹಗ್ಗ ಬಿಟ್ಟು, ಬೋರಿಗೆ ಪೈಪು ಬಿಟ್ಟು, ಕೈಮುಗಿದು ಮೇಲೆ ಕರೆಯಬೇಕು. ಭೀಮಾ ದಂಡೆಯ ಈ ಊರಿಗೆ ಸೊಸೆಯಾಗಿ ಬಂದ ಮೇಲೆ ಗೊತ್ತಾಯಿತು, ಕರೆಯದೆ ಬರುವ ನೀರೂ ಇದೆ ಎಂದು. ಇಲ್ಲಿ ಬಿಸಿಲು ಸುಡುತ್ತಿರುತ್ತದೆ, ಅಂಗೈಯಷ್ಟು ಮೋಡ ಇರುವುದಿಲ್ಲ. ಎಲ್ಲೋ ಮೇಲೆ ಮಹಾರಾಷ್ಟ್ರದಲ್ಲಿ ಮಳೆ ಹೊಡೆದಿರುತ್ತದೆ, ಇಲ್ಲಿ ಹೊಳೆ ಏರುತ್ತದೆ. ಕಳ್ಳ ಬರುವಾಗ ನಾಯಿಯಾದರೂ ಬೊಗಳುತ್ತದೆ. ಹೊಳೆ ಬರುವಾಗ ಒಂದು ಕಾಗೆಯೂ ಕೂಗುವುದಿಲ್ಲ.

ಇವರು ನೀರಾವರಿ ಸಂಘದ ಪಂಪು ನಡೆಸುತ್ತಾರೆ. ದಂಡೆಯಲ್ಲಿ ಸಿಮೆಂಟಿನ ದೊಡ್ಡ ಬಾವಿ ಕಟ್ಟಿದ್ದಾರೆ, ಅದಕ್ಕೆ ಜಾಕ್‌ವೆಲ್ ಅನ್ನುತ್ತಾರೆ. ತಳದ ಜಾಳಿಗೆಯಿಂದ ಹೊಳೆಯ ನೀರು ಒಳಗೆ ಬರುತ್ತದೆ, ಮೇಲಿನ ಕೋಣೆಯ ಮೋಟರುಗಳು ಅದನ್ನು ಎತ್ತಿ ಕಬ್ಬಿಗೆ ಬಿಡುತ್ತವೆ. ಸುತ್ತ ಎತ್ತರದ ದಂಡೆ ಇರುವುದರಿಂದ ಮೊಬೈಲು ಅಲ್ಲಿ ಸತ್ತ ಕಪ್ಪೆ. ಹೋದ ವರ್ಷ ಹೊಳೆ ಏರಿದಾಗ ಇವರಿಗೆ ಸುದ್ದಿ ಮುಟ್ಟಿಸಲು ಯಾರಿಗೂ ಆಗಲಿಲ್ಲ. ಇಡೀ ಹಗಲು ಮೋಟರು ಕೋಣೆಯ ಮಾಳಿಗೆ ಮೇಲೆ ಕೂತಿದ್ದು, ಅಂಬಿಗರ ದೋಣಿಯಲ್ಲಿ ಬಂದರು. ಬಂದವರೇ "ಊಟಕ್ಕ ಏನ್ ಮಾಡೀದಿ?" ಎಂದು ಕೇಳಿದರು. ನಾನು ಅವತ್ತಿನಿಂದ ಹೊಳೆಯ ಕಡೆಯ ಕಿಟಕಿ ತೆರೆದಿಲ್ಲ.

ನಾನು ಅದೇ ಸಂಘದ ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂಡುವವಳು. ಹೋದ ವರ್ಷದ ಆ ಸಂಕಟದ ನಂತರ ಸಂಘದವರು ಎರಡು ಕೆಲಸ ಮಾಡಿದರು. ಮೇಲಿನ ಊರಿನ ಘಾಟಿನಲ್ಲಿ, ಹೊಳೆಗೆ ಇಳಿಯುವ ಮೆಟ್ಟಿಲ ಬಳಿ, ನೀರಿನ ಮಟ್ಟ ಅಳೆಯುವ ಮಾಪಕ ಇಟ್ಟರು, ಅದರ ಲೆಕ್ಕ ಇಂಟರ್‌ನೆಟ್ಟಿನಲ್ಲಿ ಬರುತ್ತದೆ. ಜಾಕ್‌ವೆಲ್ಲಿನ ಮೇಲೆ ಸೈರನ್ ಇಟ್ಟರು, ಅದು ಆಫೀಸಿನ ಮಾಳಿಗೆಯ ಬಿಳಿ ಆಂಟೆನಾ ತಟ್ಟೆಯ ಮೂಲಕ ಗಾಳಿಯಲ್ಲೇ ಮಾತಾಡುತ್ತದೆ. ಆದರೆ ಇದರ ನೆಟ್‌ವರ್ಕಿನ ಬಲೆ ಬೇರೆ, ಅದರ ಬಲೆ ಬೇರೆ. ಒಂದು ಕಂಪ್ಯೂಟರಿನಲ್ಲಿ ನಾನು ಮಟ್ಟ ನೋಡಬೇಕು, ಕುರ್ಚಿ ತಿರುಗಿಸಿ ಇನ್ನೊಂದರಲ್ಲಿ ಸೈರನ್ ಒತ್ತಬೇಕು. ನಡುವೆ ಇರುವವಳು ನಾನು. ಬಚ್ಚಲಿಗೆ ಹೋದರೂ ಜೀವ ಹೊಡೆದುಕೊಳ್ಳುತ್ತದೆ.

ಇವತ್ತು ಮೀಟಿಂಗಿನಲ್ಲಿ ನಿಕ್ಕಿಯಾಯಿತು. ಆ ನಡುವಿನ ಕೆಲಸವನ್ನು ಒಂದು ಕಂಪ್ಯೂಟರಿಗೆ ಕೊಡುತ್ತಾರಂತೆ. ಘಾಟಿನಲ್ಲಿ ನೀರು ಏರಿದರೆ ಸೈರನ್ ತಾನೇ ಹೊಡೆಯುತ್ತದೆ.

ಖುಷಿಪಡಬೇಕು. ಆದರೆ ಒಂದು ಡಬ್ಬಿಯ ಕೈಯಲ್ಲಿ ಇವರ ಜೀವ ಕೊಡುವುದು ಹೇಗೆ ಎಂದು ಯೋಚನೆ ಹತ್ತಿದೆ.

ಸೆಪ್ಟೆಂಬರ್ ೯, ಸೋಮವಾರ

ಅಫಜಲಪುರದಿಂದ ಅರ್ಫಾತ ಬಂದಿದ್ದ. ಕಂಪ್ಯೂಟರ್ ರಿಪೇರಿ ಅಂಗಡಿಯವನು, ಇವರ ಜೊತೆ ಓದಿದವನು, ನಾನು ಅತ್ತಿಗೆಯಾಗಬೇಕೆಂದು ವೈನಿ ಅನ್ನುತ್ತಾನೆ. ಸೈರನ್ನಿನ ಹಳೆಯ ಕಂಪ್ಯೂಟರನ್ನೇ ಬಿಚ್ಚಿ, ಒಳಗೆ ಇನ್ನೊಂದು ಕಾರ್ಡು ಕೂಡಿಸಿದ. ಈಗ ಅದಕ್ಕೆ ಎರಡು ವೈರು. ಒಂದು ಇಂಟರ್‌ನೆಟ್ಟಿನ ಕಡೆಗೆ, ಒಂದು ಮಾಳಿಗೆಯ ತಟ್ಟೆಯ ಕಡೆಗೆ.

"ಇದು ಊರ ಅಗಸಿ ಬಾಗಲಾ ಇದ್ದಂಗ್ರಿ ವೈನಿ," ಎಂದ. "ಒಳಗಿನವ್ರು ಹೊರಗ ಹೋಗಬೇಕಂದ್ರೂ ಇಲ್ಲಿಂದಽ, ಹೊರಗಿನವ್ರು ಒಳಗ ಬರಬೇಕಂದ್ರೂ ಇಲ್ಲಿಂದಽ. ಯಾರನ್ನ ಬಿಡಬೇಕು, ಯಾರನ್ನ ಬಿಡಬಾರದು ಅಂತ ಇದಕ್ಕ ಹೇಳಿ ಇಟ್ಟೇನಿ."

"ತಪ್ಪಿ ಯಾರನ್ನರ ಬಿಟ್ರ?"

"ಬಿಡಂಗಿಲ್ರಿ. ಫಿಕರ್ ಮಾಡಬ್ಯಾಡ್ರಿ."

ಫಿಕರ್ ಮಾಡಬೇಡ ಎಂದವರೆಲ್ಲ ಮೋಟರ್‌ಸೈಕಲ್ ಹತ್ತಿ ತಮ್ಮ ಊರಿಗೆ ಹೋಗಿಬಿಡುತ್ತಾರೆ. ಉಳಿಯುವವಳು ನಾನು.

ನಮ್ಮ ಆಫೀಸಿನ ರೀತಿ ನೋಡಿ ಅವನಿಗೆ ನಗು ತಡೆಯಲಾಗಲಿಲ್ಲ. ಸಂಘದ ಅಧ್ಯಕ್ಷರು ಶಾಂತಲಿಂಗಪ್ಪ ಸಾವುಕಾರ್ರು ಇವರ ದೊಡ್ಡಪ್ಪ. ಅಂದರೆ ನನಗೆ ದೊಡ್ಡ ಮಾವ. ಅವರ ಎದುರು ನಾನು ಸೆರಗು ಹೊದ್ದೇ ಕೂಡಬೇಕು, ನೇರ ಮಾತಾಡಬಾರದು. ಇರುವುದು ಒಂದೇ ಕೋಣೆ. ಅವರ ಮೇಜಿನಿಂದ ನನ್ನ ಮೇಜಿಗೆ ಕೈ ಚಾಚಿದರೆ ಮುಟ್ಟುತ್ತದೆ. ಆದರೂ ಮಾತು ಸಂಘದ ಜವಾನ ಮಲ್ಕಪ್ಪ ಕಾಕಾನ ಮೂಲಕವೇ ದಾಟಬೇಕು.

ಇವತ್ತೂ ಹಾಗೆಯೇ. ದೊಡ್ಡ ಮಾವನವರು "ಮಲ್ಕಪ್ಪ, ಆಕೀಗಿ ಕೇಳು, ಇದನ್ನ ಹಗಲೂ ರಾತ್ರಿ ಹಚ್ಚೇ ಇಡಬೇಕೇನು ಅಂತ," ಎಂದರು.

ಮಲ್ಕಪ್ಪ ಕಾಕಾ ಕುತ್ತಿಗೆ ತಿರುಗಿಸಿದ. "ಕೇಳಿದೆಲ್ಲವ್ವ?"

"ಇಡಲೇಬೇಕು, ಒಂದು ಗಳಿಗಿನೂ ಆರಸಬಾರದು ಅಂತ ಹೇಳ್ರಿ ಕಾಕಾ."

ಕಾಕಾ ಆ ಕಡೆ ತಿರುಗಿದ. "ಇಟ್ರ ಚಲೋ ಅಂತ್ರಿ ಸಾವುಕಾರ್ರ."

ಅವನ ಸ್ವಭಾವವೇ ಹಾಗೆ. ಯಾರ ಮಾತನ್ನಾದರೂ ಖಾರ ತೆಗೆದು, ಬೆಲ್ಲ ಹಾಕಿ ದಾಟಿಸುತ್ತಾನೆ. ಅದಕ್ಕೇ ಊರಿನಲ್ಲಿ ಅವನಿಗೆ ಶತ್ರುಗಳಿಲ್ಲ.

ಅರ್ಫಾತ ಮೆಲ್ಲಗೆ ಎಂದ: "ವೈನಿ, ನಿಮ್ಮ ಆಫೀಸಿನ್ಯಾಗ ಅಗಸಿ ಮೊದಲಿಂದನೂ ಅದಲ್ರಿ."

ಮಲ್ಕಪ್ಪ ಕಾಕಾ ಅದನ್ನು ಹೊಗಳಿಕೆ ಎಂದುಕೊಂಡು ಅವನಿಗೆ ಎರಡನೆಯ ಸಲ ಚಹಾ ತಂದ.

ಸೆಪ್ಟೆಂಬರ್ ೧೨, ಗುರುವಾರ

ಸೈರನ್ ಪರೀಕ್ಷೆ ಆಯಿತು. ನನ್ನ ಮೇಜಿನ ಕಂಪ್ಯೂಟರಿನಿಂದ ಒತ್ತಿದೆ. ಮಾತು ಮೂಲೆಯ ಅಗಸಿ ದಾಟಿ, ತಟ್ಟೆ ದಾಟಿ, ಜಾಕ್‌ವೆಲ್ಲಿಗೆ ಹೋಯಿತು. ಅಲ್ಲಿ ಇವರು "ಕೇಳಿತು" ಎಂಬ ಗುಂಡಿ ಒತ್ತಿದರೆ ನನ್ನ ಪರದೆಯ ಮೇಲೆ ಒಂದು ಸಾಲು ಹಸಿರಾಗುತ್ತದೆ. ಹಸಿರಾಯಿತು.

ಸಂಜೆ ಮನೆಗೆ ಬಂದು ಇವರು ಅಂದರು: "ಕಿವಿ ಹರದು ಹೋಗತಾವ ಬೇ. ಹೊಳಿ ದಂಡ್ಯಾಗಿನ ಬೆಳ್ಳಕ್ಕಿ ಎಲ್ಲಾ ಜೇವರ್ಗಿಗೆ ಹೋದ್ವು."

ನಕ್ಕೆ. ಆಮೇಲೆ ಅಡಿಗೆಮನೆಯಲ್ಲಿ ಒಬ್ಬಳೇ ನಿಂತು ಯೋಚಿಸಿದೆ, ಇವತ್ತು ಹೊಡೆಯಿತು, ನಾಳೆ?

ಸೆಪ್ಟೆಂಬರ್ ೧೯, ಗುರುವಾರ

ಇದನ್ನು ಯಾರಿಗೆ ಹೇಳಬೇಕೋ ತಿಳಿಯದು.

ಅಗಸಿಯ ಕಂಪ್ಯೂಟರಿನಲ್ಲಿ ಯಾರು ಬಂದರು, ಯಾರು ಹೋದರು ಎಂಬುದೆಲ್ಲ ತಾನೇ ಬರೆದುಕೊಳ್ಳುತ್ತದೆ. ಇವತ್ತು ಕುತೂಹಲಕ್ಕೆ ತೆಗೆದು ನೋಡಿದೆ. ಯಾರೋ ಬಾಗಿಲು ಬಡಿಯುತ್ತಿದ್ದಾರೆ. ಒಬ್ಬರಲ್ಲ. ಬೆಳಗಿನಿಂದ ಸಾಲಾಗಿ ಬರುತ್ತಾರೆ, ಬಡಿಯುತ್ತಾರೆ, ಹೋಗುತ್ತಾರೆ. ಮತ್ತೆ ಬರುತ್ತಾರೆ. ಹೆಸರಿಲ್ಲ, ಬರೀ ಅಂಕಿಗಳು.

ಅರ್ಫಾತನಿಗೆ ಫೋನ್ ಮಾಡಿದೆ. "ಅವು ಮನಷ್ಯಾರಲ್ರಿ ವೈನಿ, ಎಲ್ಲಿಯೋ ದೂರದ ಮಷೀನಗೋಳು," ಎಂದ. "ಜಗತ್ತಿನ ಎಲ್ಲಾ ಬಾಗಲಾ ಬಡದು ನೋಡ್ತಾವ. ಚಿಲಕ ಹಾಕೇನಿ. ಬಡೀಲಿ ಬಿಡ್ರಿ, ಕೈ ನೋವು ಅವಕ್ಕಽ."

ನಮ್ಮವ್ವ ಒಂದು ಕಥೆ ಹೇಳುತ್ತಿದ್ದಳು. ಹೊಸದಾಗಿ ಮದುವೆಯಾದವಳು ಮನೆಯಲ್ಲಿ ಒಬ್ಬಳೇ ಇರುತ್ತಾಳೆ. ಬಾಗಿಲು ಬಡಿದವರಿಗೆಲ್ಲ ಒಳಗಿನಿಂದ "ಯಾರು?" ಅನ್ನುತ್ತಾಳೆ. ಹೊರಗಿನದು "ನಾನು" ಅನ್ನುತ್ತದೆ. "ನಾನು ಅಂದರೆ ಯಾರು?" ಎಂದು ಮೂರನೆಯ ಸಲ ಕೇಳಿದಾಗ ಹೊರಗಿನದು ಅವಳದೇ ದನಿಯಲ್ಲಿ ಉತ್ತರ ಕೊಡುತ್ತದೆ. ಕಥೆ ಕೇಳಿದ ಮೇಲೆ ನಾವು ಮಕ್ಕಳು ನೀರು ಕುಡಿಯಲಿಕ್ಕೂ ಏಳುತ್ತಿರಲಿಲ್ಲ.

ಜಗತ್ತಿನ ಎಲ್ಲ ಮೂಲೆಯಿಂದ ಬಂದು ಬಡಿಯುವವರಿಗೂ ಬಾವಿಯೊಳಗೆ ಇಳಿಯುವ ನನ್ನ ಗಂಡನಿಗೂ ನಡುವೆ ಒಂದು ಹಳೇ ಡಬ್ಬಿ. ಅದರ ಫ್ಯಾನು ಕೆಮ್ಮುತ್ತದೆ.

ಸೆಪ್ಟೆಂಬರ್ ೨೦, ಶುಕ್ರವಾರ

ಹೊಟ್ಟೆಯಲ್ಲಿಟ್ಟುಕೊಳ್ಳಲಾಗದೆ ಮಲ್ಕಪ್ಪ ಕಾಕಾನಿಗೆ ಹೇಳಿದೆ. "ಹೊರಗಿನವರು ಬಾಗಿಲು ಬಡೀತಾರ, ಆದ್ರ ಒಳಗ ಬರಾಕ ಆಗಂಗಿಲ್ಲಂತ ದೊಡ್ಡ ಮಾವ್ನೋರಿಗಿ ತಿಳಸ್ರಿ," ಎಂದೆ.

ಕಾಕಾ ದೊಡ್ಡ ಮಾವನವರ ಮುಂದೆ ನಿಂತು, "ಕಂಪ್ಯೂಟರಗಿ ಜರಾ ಕಳ್ಳರ ಕಾಟ ಅದಂತ್ರಿ. ಗಾಬರಿ ಏನಿಲ್ಲ," ಎಂದ.

"ಕಳ್ಳರ ಕಾಟ ಅದ, ಗಾಬರಿ ಇಲ್ಲಂದ್ರ ಹ್ಯಾಂಗಲೇ?" ಎಂದು ಅವರು ಪೇಪರು ಕೆಳಗಿಟ್ಟರು. "ಅವ್ರು ಒಳಗ ಬಂದು ಮೋಟರು ಚಾಲೂ ಮಾಡಿ ಬಿಟ್ರ ಹೊಲಾ ಎಲ್ಲಾ ನೀರು ನಿಂತು ಜೌಳಾಗತದ. ಆಫೀಸ ಕೀಲಿ ಹಾಕಿದಾಗ ಇದನ್ನ ಆರಿಸಿದ್ರ ಆಗಲ್ಲೇನು?"

"ಆಗಲ್ರಿ ಅಂತ ಹೇಳ್ರಿ ಕಾಕಾ," ಎಂದೆ ಸೆರಗಿನೊಳಗಿನಿಂದ. "ಆರಿಸಿದ್ರ ಸೈರನ್ ಹೊಡಿಯಂಗಿಲ್ಲ."

"ನೋಡೋಣಂತ್ರಿ," ಎಂದ ಕಾಕಾ.

ದೊಡ್ಡ ಮಾವನವರು ತಲೆಯಾಡಿಸಿದರು. ನಾನು ಅಲ್ಲೇ ಇದ್ದೆ. ನನ್ನ ಮಾತು ಹೇಗೆ ಬದಲಾಯಿತು ಎಂಬುದನ್ನು ನನ್ನ ಕಿವಿಯಿಂದಲೇ ಕೇಳಿದೆ. ಆದರೆ ಅದನ್ನು ತಿದ್ದಲು ಬಾಯಿ ಬರಲಿಲ್ಲ. ಹಾಗೆ ಬರುವುದು ನಮ್ಮ ಮನೆತನದಲ್ಲಿ ಇಲ್ಲ.

ಸೆಪ್ಟೆಂಬರ್ ೨೭, ಶುಕ್ರವಾರ

ಹೊಳೆ ಏರಿತು. ಬಹಳವಲ್ಲ. ಘಾಟಿನ ಅಂಕಿ ಕೆಂಪಾಗುತ್ತಲೇ ಸೈರನ್ ತಾನೇ ಹೊಡೆಯಿತು, ನಾನು ಏನೂ ಮಾಡಲಿಲ್ಲ. ಹಸಿರಾಯಿತು. ಹಳ್ಳದ ದಾರಿಗೆ ನೀರು ಬರುವ ಮೊದಲೇ ಇವರು ಮನೆಯಲ್ಲಿದ್ದರು. ಹೊಳೆ ಉಬ್ಬಿದರೆ ಮೊದಲು ನೀರು ಹಿಂದಕ್ಕೆ ಒತ್ತಿ ಹಳ್ಳ ತುಂಬುತ್ತದೆ, ಜಾಕ್‌ವೆಲ್ಲಿನ ಕಾಲುದಾರಿ ಮುಳುಗುತ್ತದೆ. ಬಾವಿಗೆ ನೀರು ಬರುವುದು ಆಮೇಲೆ. ಅಷ್ಟರಲ್ಲಿ ಹೊರಬಿದ್ದವನು ಬದುಕಿದ.

ಅತ್ತೆ ಕಂಪ್ಯೂಟರಿನ ದಿಕ್ಕಿಗೆ ಕೈಮುಗಿದರು. ಇವರಂತೂ, "ಇನ್ನ ನೀ ಕಿಟಕಿ ತಗೀಬಹುದು," ಎಂದರು.

ತೆಗೆಯಲಿಲ್ಲ. ಇವರಿಗೆ ಧೈರ್ಯ ಬಂದದ್ದೇ ನನಗೆ ಹೆದರಿಕೆ. ಮೊದಲು ಇವರೂ ಆಗಾಗ ಹೊಳೆಯ ಮುಖ ನೋಡುತ್ತಿದ್ದರು. ಈಗ ಕಿವಿಯೊಂದನ್ನೇ ನಂಬಿ ಕೆಲಸ ಮಾಡುತ್ತಾರೆ.

ಅಕ್ಟೋಬರ್ ೮, ಮಂಗಳವಾರ

ಅರ್ಫಾತನ ಫೋನ್ ಬಂದಿತ್ತು. ಹಬ್ಬ ಮುಗಿದ ಮೇಲೆ ಒಂದು ದಿನ ಬರುತ್ತಾನಂತೆ, ಒಂದು ಕೆಲಸ ಬಾಕಿ ಇದೆಯಂತೆ.

"ಒಂದು ಕಡಿ ಮಾತು ಇನ್ನೊಂದು ಕಡಿ ದಾಟಸು ಅಂತ ನಾ ಅದಕ್ಕ ಬಾಯಿಲೆ ಹೇಳಿದಂಗ ಹೇಳೇನ್ರಿ ವೈನಿ. ಚಾಲೂ ಇರೋತನಾ ನೆನಪಿಡತದ. ಬಂದ್ ಮಾಡಿದ್ರ ಮರೀತದ. ಒಳಗ ಕಾಯಂ ಬರದು ಇಡಬೇಕು, ಅವತ್ತ ಜಲ್ದಿಯೊಳಗ ಬಿಟ್ಟೆ. ಕರೆಂಟ್ ಹೋದ್ರ ಬ್ಯಾಟ್ರಿ ಅದ. ನಾ ಬರೋತನಾ ಬಂದ್ ಮಾಡಬ್ಯಾಡ್ರಿ, ಅಷ್ಟಽ."

ಅಷ್ಟೇ ಅಂತೆ. ಇಷ್ಟು ದಿನ ಒಂದು ನೆನಪಿನ ಮೇಲೆ ನಡೆದಿದೆ.

ದೊಡ್ಡ ಮಾವನವರು ಎದುರಿಗೇ ಕೂತಿದ್ದರು. ಮಲ್ಕಪ್ಪ ಕಾಕಾ ಬರುವ ತನಕ ಕಾದೆ. ಬಂದ ಮೇಲೆ ಬಿಡಿಬಿಡಿಸಿ ಹೇಳಿದೆ. ಅವರು ಅಷ್ಟರಲ್ಲಿ ಫೋನಿನಲ್ಲಿ ಮಾತಾಡುತ್ತ ಹೊರಗೆ ಹೋದರು. "ನಾ ಹೇಳ್ತೇನಿ ತಂಗಿ, ನೀ ಹಬ್ಬದ ಸಾಮಾನ ನೋಡ್ಕೊ ಹೋಗು," ಎಂದ ಕಾಕಾ.

ಹೇಳುತ್ತಾನೆ. ಇಷ್ಟು ವರ್ಷ ಅವನೇ ಹೇಳಿದ್ದಾನಲ್ಲ.

ಅಕ್ಟೋಬರ್ ೧೦, ಗುರುವಾರ

ನಾಳೆ ಖಂಡೇ ಪೂಜೆ, ದಸರೆಯ ಆಯುಧಪೂಜೆ. ಹೂರಣ ರುಬ್ಬಿ ಇಟ್ಟೆ.

ಮೋಟರು ಇಡೀ ದಿನ ನಿಲ್ಲುವುದು ವರ್ಷಕ್ಕೆ ಅದೊಂದೇ ದಿನ. ಇವರು ಪೂಜೆ ಮುಗಿಸಿ ಬಾವಿಗೆ ಇಳಿದು ಜಾಳಿಗೆಯ ಹೂಳು ತೆಗೆಯುತ್ತಾರಂತೆ. "ಹಬ್ಬದ ದಿನನಽ ಇಳೀಬೇಕೇನು?" ಎಂದೆ. "ಮೋಟರು ನಡದಾಗ ಇಳದ್ರ ನನ್ನನ್ನಽ ಎತ್ತಿ ಕಬ್ಬಿಗಿ ಬಿಡತದ," ಎಂದರು.

ಘಾಟಿನ ಅಂಕಿ ಇವತ್ತು ಕೆಳಗೇ ಇತ್ತು.

ಅಕ್ಟೋಬರ್ ೧೨, ಶನಿವಾರ

ನಿನ್ನೆ ಬರೆಯಲಾಗಲಿಲ್ಲ.

ನಿನ್ನೆ ಬೆಳಿಗ್ಗೆ ಇವರು ಕಾಯಿ, ಕರ್ಪೂರ, ಹೋಳಿಗೆಯ ಡಬ್ಬಿ ತೆಗೆದುಕೊಂಡು ಹೊಳೆಗೆ ಹೋದರು. ಬಿಸಿಲು ಬೆಳ್ಳಗೆ ಬಿದ್ದಿತ್ತು. ನಾನು ಒಲೆಯ ಮುಂದೆ ಇದ್ದೆ. ಮಲ್ಕಪ್ಪ ಕಾಕಾ ಹೊಸ ಟೊಪ್ಪಿಗೆ ಹಾಕಿಕೊಂಡು, ತಟ್ಟೆಯಲ್ಲಿ ಕಾಯಿಯ ಹೋಳು ತಂದ. ಅದಕ್ಕೆ ವಿಭೂತಿ ಹತ್ತಿತ್ತು.

"ತಗೋ ತಂಗಿ, ಆಫೀಸಿನ ಪ್ರಸಾದ. ನಿನ್ನ ಕಂಪ್ಯೂಟರಗೂ ಪೂಜಾ ಆತು. ಚೆಂಡ ಹೂವಿನ ಮಾಲಿ ಹಾಕೇನಿ, ಮದಿಮಗಳ ಕಂಡಂಗ ಕಾಣತದ."

"ಚಾಲೂ ಇದ್ದಾಗಽ ಮಾಡಿದ್ರಲ್ಲ?"

ಅವನು ನನ್ನನ್ನು ಹುಚ್ಚಿ ಎನ್ನುವ ಹಾಗೆ ನೋಡಿದ. "ಖಂಡೇ ಪೂಜಿಗಿ ಇಟ್ಟ ಯಂತ್ರ ಯಾರರ ನಡಸ್ತಾರೇನು? ನೇಗಲಾ ಹೂಡ್ತಾರೇನು ಇವತ್ತ? ನಾಳಿ ಬನ್ನಿ ಮುಡದ ಮ್ಯಾಲ ಚಾಲೂ ಮಾಡೂದು. ವರ್ಷಾನಗಟ್ಟಲೆ ದುಡದದ, ಒಂದ ದಿನ ದಣಿವಾರಿಸಿಕೊಳ್ಳಲಿ ಅಂದ್ರು ಸಾವುಕಾರ್ರು. ಕಳ್ಳರ ಕಾಟನೂ ತಪ್ಪತದ."

"ಕಾಕಾ, ನಾ ಮನ್ನೆ ಹೇಳಿದ್ದು?"

"ಹಬ್ಬ ಅದ, ಖಾಲಿ ಪೀಲಿ ಅವರ ತಲಿ ಯಾಕ ಕೆಡಸೂದು ಅಂತ..." ಎಂದು ಅವನು ತಟ್ಟೆಯನ್ನು ಕಟ್ಟೆಯ ಮೇಲಿಟ್ಟ.

ಅವನು ಕೆಟ್ಟವನಲ್ಲ. ಎಲ್ಲರೂ ನಗುತ್ತಿರಲಿ ಎನ್ನುವವನು. ಇವರು ಆಗ ಬಾವಿಯಲ್ಲಿ ಇಳಿದಿದ್ದರು, ಸೈರನ್ನು ಸತ್ತಿತ್ತು, ನನ್ನ ಕೈಗೆ ಕಣಕ ಮೆತ್ತಿತ್ತು. ಹಾಗೆಯೇ ಓಡಿದೆ.

ಆಫೀಸಿಗೆ ಕೀಲಿ. ಕೀಲಿ ದೊಡ್ಡ ಮಾವನವರ ಸೊಂಟದಲ್ಲಿ. ಅವರ ಮನೆಯ ಪಡಸಾಲೆಯಲ್ಲಿ ಬೀಗರು, ನೆಂಟರು ಪಂಕ್ತಿಗೆ ಕೂತಿದ್ದರು. ಹೋಳಿಗೆಯ ಮೇಲೆ ತುಪ್ಪ ಬೀಳುತ್ತಿತ್ತು. ಮಲ್ಕಪ್ಪ ಕಾಕಾ ನನ್ನ ಹಿಂದೆಯೇ ಏದುಸಿರು ಬಿಡುತ್ತ ಬಂದು, "ನಿಲ್ಲು ನಿಲ್ಲು, ಊಟ ಆಗ್ಲಿ, ನಾ ಹೇಳ್ತೇನಿ," ಎಂದ.

"ಮಾವಾರ, ಕೀಲಿ ಕೊಡ್ರಿ," ಎಂದೆ.

ಪಂಕ್ತಿಯಲ್ಲಿ ಎಲ್ಲರ ಕೈ ನಿಂತಿತು. ದೊಡ್ಡ ಮಾವನವರು ನನ್ನ ಕಡೆ ನೋಡದೆ, ಮಲ್ಕಪ್ಪ ಕಾಕಾನ ಕಡೆ ನೋಡಿದರು. "ಏನಂತಾಳಲೇ?"

"ನಾ ಹೇಳಾಕತ್ತೇನ್ರಿ. ಕಂಪ್ಯೂಟರ್ ಆರಸೀರಿ, ಸೈರನ್ ಹೊಡಿಯಂಗಿಲ್ಲ. ಇವರು ಬಾವ್ಯಾಗ ಇಳದಾರ."

"ಅನೀಲ? ಇವತ್ತ? ಬಾವ್ಯಾಗ ಯಾಕ?" ಎಂದರು. ಆಮೇಲೆ, "ಬಿಸಲು ಅದಲ್ಲ ಬೇ. ಪೂಜಾ ಆದದ್ದು ನಾಳಿ ಬನ್ನಿ ಮುಡದ ಮ್ಯಾಲ..."

"ಬನ್ನಿ ಮುಡಿಯೋತನಾ ಹೊಳಿ ನಿಲ್ಲಂಗಿಲ್ರಿ ಮಾವಾರ. ಕೀಲಿ ಕೊಡ್ರಿ."

ಅವರು ಎಂಜಲು ಕೈಯಲ್ಲೇ ಎದ್ದರು. ಎಡಗೈಯಿಂದ ಕೀಲಿ ಬಿಚ್ಚಿ ಕೊಟ್ಟು, ಮಗ ಸತೀಶಕುಮಾರನಿಗೆ ಗಾಡಿ ತೆಗೆದುಕೊಂಡು ಜಾಕ್‌ವೆಲ್ಲಿಗೆ ಹೋಗೆಂದರು. ನಾನು ಆಫೀಸಿಗೆ ಓಡಿದೆ. ಅವರೂ ಹಿಂದೆ ಬಂದರು.

ಅಗಸಿಯ ಕಂಪ್ಯೂಟರಿಗೆ ಹಾರ ಹಾಕಿದ್ದರು, ಗುಂಡಿಯ ಮೇಲೆ ಕುಂಕುಮ. ಒತ್ತಿದೆ. ಫ್ಯಾನು ಕೆಮ್ಮಿತು. ಅದು ಏಳುವ ತನಕ ನನ್ನ ಮೇಜಿನ ಕಂಪ್ಯೂಟರಿನಲ್ಲಿ ಘಾಟಿನ ಮಟ್ಟ ತೆಗೆದೆ.

ಕೆಂಪು. ಕೆಂಪಾಗಿ ಎಷ್ಟು ಹೊತ್ತಾಗಿತ್ತೋ. ಅಂಕಿ ನನ್ನ ಕಣ್ಣ ಮುಂದೆಯೇ ಏರುತ್ತಿತ್ತು.

ಅಗಸಿ ಎದ್ದಿತು. ಈ ಕಡೆಯ ದೀಪ ಹತ್ತಿತು, ಆ ಕಡೆಯ ದೀಪವೂ ಹತ್ತಿತು. ಸೈರನ್ ಒತ್ತಿದೆ. ಏನೂ ಇಲ್ಲ. ಮತ್ತೆ ಒತ್ತಿದೆ. ಎರಡೂ ಕಡೆಯ ಮಾತು ಕೇಳಿಸಿಕೊಂಡು, ಯಾರಿಗೂ ಏನೂ ಹೇಳದೆ ಅದು ತಣ್ಣಗೆ ಕೂತಿತ್ತು. ಹೊರಗಿನಿಂದ ನೋಡಿದರೆ ಎಲ್ಲ ಬರಾಬರಿ. ನನಗೆ ಅಷ್ಟು ಹೆದರಿಕೆ ಜೀವಮಾನದಲ್ಲಿ ಆಗಿಲ್ಲ. ಒಡೆದು ಬಿದ್ದಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

ಅರ್ಫಾತ ಕೊಳಕೂರಿನಲ್ಲಿ ತಂಗಿಯ ಮನೆಯಲ್ಲಿದ್ದ. ಫೋನ್ ಎತ್ತಿದ. ಹೇಳಿದೆ.

"ಮರತದ್ರಿ ವೈನಿ. ದಾಟಸೂದು ಮರತದ. ಅಗಸಿ ಮುಂದ ಕೂಡ್ರಿ, ನಾ ಹೇಳಿದಂಗ ಹೊಡೀರಿ."

ಆ ಹೊತ್ತಿಗೆ ಸತೀಶ ಬಾಗಿಲಲ್ಲಿ ನಿಂತಿದ್ದ, ಪ್ಯಾಂಟು ಮೊಣಕಾಲ ತನಕ ರಾಡಿ. "ಹಳ್ಳ ತುಂಬ್ಯಾದ. ದಾರಿ ಕಾಣವಲ್ದು," ಎಂದ. ದೊಡ್ಡ ಮಾವನವರು ಗೋಡೆ ಹಿಡಿದುಕೊಂಡು, ದೋಣಿಯವರನ್ನು ಕರೆಯಲು ಅವನನ್ನು ಮತ್ತೆ ಓಡಿಸಿದರು.

ಅರ್ಫಾತ ಒಂದೊಂದೇ ಇಂಗ್ಲಿಷ್ ಅಕ್ಷರ ಹೇಳಿದ, ನಾನು ಒಂದೊಂದೇ ಹೊಡೆದೆ. ಗುಪ್ತ ಪದ ಕೇಳಿತು. ಹೊಡೆದರೆ ಪರದೆಯ ಮೇಲೆ ಏನೂ ಮೂಡಲಿಲ್ಲ.

"ಏನೂ ಬರವಲ್ದು ಅರ್ಫಾತ."

"ಕಾಣಂಗಿಲ್ರಿ, ಒಳಗ ಬೀಳತದ. ಕಣ್ಣು ಮುಚ್ಚಿ ಹೊಡೀರಿ."

ತಪ್ಪು ಎಂದಿತು. ಬೆರಳಿಗೆ ಒಣಗಿದ ಕಣಕ ಹತ್ತಿತ್ತು. ಸೀರೆಗೆ ಒರೆಸಿ ಮತ್ತೆ ಹೊಡೆದೆ. ಒಪ್ಪಿತು. ಒಂದು ಉ‍ದ್ದ ಸಾಲು ಬಂತು.

"ಕೊನಿಗಿ ಏನದ ನೋಡ್ರಿ."

"ಸೊನ್ನಿ."

"ಹಾಂ. ಸೊನ್ನಿ ಅಂದ್ರ ದಾಟಸಬ್ಯಾಡ ಅಂತ. ಅದನ್ನ ಒಂದು ಮಾಡ್ರಿ."

ಒಂದು ಮಾಡಿದೆ. ಎಂಟರ್ ಒತ್ತಿದೆ. ಸೈರನ್ ನಾನು ಒತ್ತಬೇಕಾಗಲಿಲ್ಲ. ಘಾಟಿನ ಮಾತು ಅಷ್ಟು ಹೊತ್ತು ಬಾಗಿಲ ಹೊರಗೇ ನಿಂತು ಬಡಿಯುತ್ತಿತ್ತು ಅನಿಸುತ್ತದೆ. ತಾನೇ ದಾಟಿ ಹೋಯಿತು. ಹಬ್ಬದ ಊರು ಸ್ತಬ್ಧವಾಗಿದ್ದರಿಂದ ದೂರದ ಹೊಳೆಯ ಕಡೆಯಿಂದ ಎಳೆಯಾಗಿ ಆ ದನಿ ಕೇಳಿಸಿತು. ಎಮ್ಮೆಯ ಕರು ಅರಚಿದ ಹಾಗೆ.

ಆಮೇಲೆ ಕಾಯುವುದು. ಹೊಡೆದದ್ದು ನನಗೆ ಕೇಳಿಸಿತು. ಅವರಿಗೆ ಕೇಳಿಸಿತೋ ಇಲ್ಲವೋ. ಕೇಳುವ ಕಿವಿ ಇದೆಯೋ ಇಲ್ಲವೋ. ಪರದೆಯ ಸಾಲು ಬೂದಿ ಬಣ್ಣದಲ್ಲೇ ಇತ್ತು. ಅರ್ಫಾತ ಫೋನಿನಲ್ಲಿ ಉಸಿರಾಡುತ್ತಿದ್ದ. ಮಲ್ಕಪ್ಪ ಕಾಕಾ ಬಾಗಿಲ ಹೊರಗೆ ಕುಕ್ಕರುಗಾಲಲ್ಲಿ ಕೂತು ಟೊಪ್ಪಿಗೆಯನ್ನು ಹಿಂಡುತ್ತಿದ್ದ. ದೊಡ್ಡ ಮಾವನವರ ಬಲಗೈಯಲ್ಲಿ ಹೂರಣ ಒಣಗಿತ್ತು. "ಶಿವಕಾಂತಾ, ಏನಾತು? ಬಂತೇನು?" ಎಂದು ಕೇಳುತ್ತಲೇ ಇದ್ದರು. "ಇಲ್ರಿ," ಎಂದೆ. "ಈಗ?" "ಇಲ್ರಿ ಮಾವಾರ, ತಡೀರಿ."

ಹಸಿರಾಯಿತು.

"ಬಂತ್ರಿ ಮಾವಾರ," ಎಂದೆ.

ಸಂಜೆ ಅಂಬಿಗರು ಕರೆದುಕೊಂಡು ಬಂದರು. ಮೈ ತುಂಬ ಹೂಳು, ಕಣ್ಣು ಮಾತ್ರ ಬಿಳಿ. "ತಳದಾಗ ಇದ್ದೆ," ಎಂದರು. "ಜಾಳಿಗಿ ನೀರು ಜರಾ ಜೋರ ಅನಿಸಿತು. ಸೈರನ್ ಹೊಡದಿಲ್ಲ, ಏನಿಲ್ಲ ಬಿಡು ಅಂತ ಸಲಿಕಿ ಹೊಡಕೋತ ನಿಂತೆ. ಆಮ್ಯಾಲ ಹೊಡೀತು. ಏಣಿ ಅರ್ಧ ಹತ್ತೋದ್ರಾಗ ಕೆಳಗ ಸಲಿಕಿ ಕಾಣಲಿಲ್ಲ. ಹೋಳಿಗಿ ಡಬ್ಬಿನೂ ಹೋತು."

ಅತ್ತೆ ದೃಷ್ಟಿ ತೆಗೆದರು. ನಾನು ಒಲೆ ಹಚ್ಚಿದೆ. "ಸೈರನ್ ಹೊಡದಿಲ್ಲ, ಏನಿಲ್ಲ ಬಿಡು" ಎಂಬ ಮಾತು ಇನ್ನೂ ಕಿವಿಯಲ್ಲಿದೆ. ಸೈರನ್ನೇ ಇರದಿದ್ದರೆ ಇವರು ಆಗಲೇ ಮೇಲೆ ಬರುತ್ತಿದ್ದರು.

ಇವತ್ತು ಎಲ್ಲರೂ ಬನ್ನಿ ಕೊಟ್ಟು ಬಂಗಾರದ ಹಾಗೆ ಇರೋಣ ಎಂದರು. ಇಸಿದುಕೊಂಡೆ. ಏನು ಹೇಳಿದೆನೋ ನೆನಪಿಲ್ಲ.

ಅಕ್ಟೋಬರ್ ೨೧, ಸೋಮವಾರ

ಹೊಳೆ ಇಳಿದಿದೆ. ಜಾಳಿಗೆಗೆ ಹೊಸ ಹೂಳು ತುಂಬಿ ಮೋಟರು ಇನ್ನೂ ನಿಂತೇ ಇವೆ, ಇವರು ಇವತ್ತಿನಿಂದ ಮತ್ತೆ ಬಾವಿಗೆ.

ಅರ್ಫಾತ ಬಂದು ಆ ಒಂದನ್ನು ಒಳಗೆ ಕಾಯಂ ಬರೆದಿಟ್ಟ. ಕಿವಿ ಹಿಡಿದುಕೊಂಡು "ತಪ್ಪು ನಂದಽ ರಿ ವೈನಿ," ಎಂದ. "ಚಹಾ ಕುಡಿ," ಎಂದೆ. ಚಹಾ ಇರಲಿಲ್ಲ.

ಮಲ್ಕಪ್ಪ ಕಾಕಾ ಎರಡು ದಿನದಿಂದ ಮುಖ ಊದಿಸಿಕೊಂಡಿದ್ದಾನೆ. ಹೊರಗಿನ ಕಟ್ಟೆಯ ಮೇಲೆ ಕೂತು ಬೀದಿ ನೋಡುತ್ತಾನೆ. ಯಾಕೆ ಎಂದು ಕೇಳಿದರೆ, "ನಾ ಯಾಕ್ರಿ ಒಳಗ? ನೀವು ನೀವು ಮಾತಾಡಾಕತ್ತೀರಿ. ನಡಬರಕ ಮುದುಕನ ಕೆಲಸ ಏನದ?" ಎಂದ. ಅವನು ನನಗೆ ರಿ ಹಚ್ಚಿದ್ದು ಇದೇ ಮೊದಲು. ದೊಡ್ಡ ಮಾವನವರೂ ನಾನೂ ಯಾವಾಗ ಮಾತಾಡಿದೆವು ಎಂದು ನೆನಪು ಮಾಡಿಕೊಂಡೆ. ಕೀಲಿ ಇನ್ನೊಂದು ನನ್ನ ಹತ್ತಿರ ಇರಲಿ ಎಂದದ್ದು ನಿಜ, ಆಗಲಿ ಎಂದು ದೊಡ್ಡ ಮಾವನವರು ಕೊಟ್ಟರು. ಮುಂದಿನ ಖಂಡೇ ಪೂಜೆಗೆ ಕಂಪ್ಯೂಟರಿಗೆ ದೂರದಿಂದ ಊದುಬತ್ತಿ ಬೆಳಗಿದರೆ ಸಾಕು ಎಂದೆ. ಅದಕ್ಕೂ ಹೂಂ ಎಂದರು. ಅದೇನು ದೊಡ್ಡ ಮಾತೇ. ಹಬ್ಬದ ಓಡಾಟ, ಮುದುಕನಿಗೆ ದಣಿವಾಗಿರಬೇಕು. ನಾಳೆ ಎರಡು ಹೋಳಿಗೆ ಕಟ್ಟಿಕೊಂಡು ಹೋಗುತ್ತೇನೆ.

ಅರ್ಫಾತ ಹೋದ ಮೇಲೆ ನನಗೆ ಕೂಡಲಾಗಲಿಲ್ಲ. ಅವನು ಬರೆದಿಟ್ಟೆ ಎಂದ. ಬರೆದದ್ದನ್ನು ನಾನು ಕಂಡಿಲ್ಲ. ಎದ್ದು ಹೋಗಿ ಅಗಸಿಯನ್ನು ಪೂರಾ ಬಂದ್ ಮಾಡಿದೆ. ಮತ್ತೆ ಚಾಲೂ ಮಾಡಿ, ದೀಪಗಳನ್ನು ನಂಬದೆ, ನನ್ನ ಮೇಜಿಗೆ ಬಂದು ಸೈರನ್ ಒತ್ತಿದೆ. ಹೊಡೆಯಿತು. ಹಸಿರಾಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಮನಸ್ಸು ತಡೆಯದೆ ಇನ್ನೊಮ್ಮೆ ಆರಿಸಿ, ಹಚ್ಚಿ, ಒತ್ತಿದೆ.

ಸಂಜೆ ಇವರು ಬಂದವರೇ ಚಪ್ಪಲಿಯನ್ನು ಮೂಲೆಗೆ ಒಗೆದರು. "ನಿನಗೇನ್ ಹುಚ್ಚು ಹಿಡದದೇನು ಬೇ? ಎರಡು ಸಲ ಬಾವಿ ಹತ್ತಿ ಮ್ಯಾಲ ಬಂದೆ. ಹೊಳಿ ನೋಡಿದ್ರ ಮಲ್ಕೊಂಡಾದ. ಮೊಣಕಾಲಾಗ ಜೀವ ಇಲ್ಲ."

"ಎರಡೂ ಸಲ ಹತ್ತಿದ್ರಿ?"

"ಹತ್ತದಽ ಏನ್ ಮಾಡ್ಲಿ?"

"ನಾಳೀನೂ ಹೊಡೀತೇನಿ," ಎಂದೆ. "ಹತ್ರಿ."